ಸ್ಟೆಪ್ನಿಗೂ ದಿನಾ ಒಂದು ಕೆಲಸ ಕೊಡೋಣ

ಭತ್ತದ ಕೊಯ್ಲು, ಕಬ್ಬಿನ ಕಟಾವು ಶುರುವಾಯಿತೆಂದರೆ ಹೊಸಪೇಟೆ–ಕಂಪ್ಲಿ ರಸ್ತೆಯಲ್ಲಿ ಟ್ರ್ಯಾಕ್ಟರ್‌ಗಳದ್ದೇ ರಾಜ್ಯ. ಅವುಗಳ ಹಿಂದೆ ಸಿಕ್ಕಿಕೊಂಡು ಮೊದಲನೇ ಪೀರಿಯಡ್ ತಪ್ಪಿಸಿಕೊಂಡವರು ನಮ್ಮ ಕಾಲೇಜಿನಲ್ಲಿ ಎಷ್ಟೋ ಜನ ಇದ್ದಾರೆ. ನಿಧಾನವಾಗಿ ಓಡುತ್ತದೆ ಎಂದು ಟ್ರ್ಯಾಕ್ಟರನ್ನು ಬೈಯುತ್ತೇವೆ. ಆದರೆ ನನಗೆ ಹೆಚ್ಚು ಭಯ ಹುಟ್ಟಿಸುವುದು ರಸ್ತೆ ಬದಿಯಲ್ಲಿ ನಿಂತಿರುವ ಟ್ರೇಲರ್.

ಎರಡು ಚಕ್ರದ ಟ್ರೇಲರ್ ತಾನಾಗಿ ನೆಟ್ಟಗೆ ನಿಲ್ಲಲಾರದು. ಲೋಡಿನ ಒಂದು ಪಾಲನ್ನು ಟ್ರ್ಯಾಕ್ಟರಿನ ಕೊಂಡಿ ಹೊತ್ತಿರುತ್ತದೆ. ಪಿನ್ ಕಿತ್ತರೆ ಮೂಕಿ ನೆಲಕ್ಕೆ ಬೀಳುತ್ತದೆ. ಅದಕ್ಕೇ ಡ್ರೈವರ್ ಜೊತೆಗಿರುವ ಹುಡುಗ ಒಂದು ಕಲ್ಲು ಹುಡುಕಿ ತಂದು ಮೂಕಿಯ ಕೆಳಗೆ ತಳ್ಳುತ್ತಾನೆ. ಅವನ ಕೈ ಒಳಗಿರುವಾಗಲೇ ಕಲ್ಲು ಜಾರಿದರೆ? ಮಳೆಗೆ ನೆಂದ ಎರೆಮಣ್ಣಿನಲ್ಲಿ ಕಲ್ಲೇ ಹೂತುಹೋದರೆ? ಎತ್ತಿನ ಬಂಡಿಯ ಮೂಕಿಗೂ ಆಸರೆಯಾಗಿ ಒಂದು ಕಟ್ಟಿಗೆ ಇರುತ್ತಿತ್ತು. ಟನ್‌ಗಟ್ಟಲೆ ಹೊರುವ ಕಬ್ಬಿಣದ ಟ್ರೇಲರ್‌ಗೆ ದಾರಿಯಲ್ಲಿ ಸಿಕ್ಕ ಕಲ್ಲೇ ಗತಿ ಎಂದರೆ ಇದು ಯಾವ ಲೆಕ್ಕ?

ಇನ್ನೊಂದು ಸಮಸ್ಯೆ ಪಂಕ್ಚರ್. ಎಷ್ಟೋ ಟ್ರೇಲರ್‌ಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ರಾತ್ರಿ ಟೈರ್ ಪಂಕ್ಚರ್ ಆದರೆ ಲೋಡ್ ಸಮೇತ ಟ್ರೇಲರನ್ನು ಅಲ್ಲೇ ಬಿಟ್ಟು, ಚಕ್ರ ಬಿಚ್ಚಿಕೊಂಡು, ಟ್ರ್ಯಾಕ್ಟರಿನಲ್ಲಿ ಊರಿನ ಪಂಕ್ಚರ್ ಅಂಗಡಿಗೆ ಹೋಗುತ್ತಾರೆ. ಟ್ರೇಲರಿನ ದೀಪಕ್ಕೆ ಕರೆಂಟು ಬರುವುದೇ ಟ್ರ್ಯಾಕ್ಟರಿನಿಂದ. ಟ್ರ್ಯಾಕ್ಟರ್ ಹೋದ ಮೇಲೆ ದೀಪವೂ ಇಲ್ಲ. ಕತ್ತಲಲ್ಲಿ ಕಬ್ಬಿನ ರಾಶಿ, ಅದರ ಸುತ್ತ ನಾಲ್ಕು ಕಲ್ಲು. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದಾಗ ಬೈಕಿನವನಿಗೆ ಅದು ಕಾಣುವುದೇ ಹತ್ತಿರ ಬಂದ ಮೇಲೆ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ, ಅಪಾಯವಾಗುವ ರೀತಿಯಲ್ಲಿ ವಾಹನವನ್ನಾಗಲಿ ಟ್ರೇಲರನ್ನಾಗಲಿ ಸಾರ್ವಜನಿಕ ಜಾಗದಲ್ಲಿ ಬಿಡಬಾರದು ಎನ್ನುತ್ತದೆ. ಕಾನೂನಿನಲ್ಲಿ ಟ್ರೇಲರಿನ ಹೆಸರೇ ಇದೆ. ಆದರೆ ಸ್ಟೆಪ್ನಿ ಇಲ್ಲದ ಡ್ರೈವರ್ ಆ ರಾತ್ರಿ ಬೇರೇನು ಮಾಡಿಯಾನು?

ಈ ಎರಡೂ ಸಮಸ್ಯೆಗೆ ಒಂದೇ ಪರಿಹಾರ ಇದೆ ಎಂಬುದು ನನ್ನ ವಾದ. ಯೂರೋಪ್, ಆಸ್ಟ್ರೇಲಿಯಾ ಕಡೆ ಕಾರಿನ ಹಿಂದೆ ಕಟ್ಟುವ ಸಣ್ಣ ಟ್ರೇಲರ್‌ಗಳ ಮೂಕಿಗೆ ‘ಜಾಕಿ ವೀಲ್’ ಎಂಬ ಪುಟ್ಟ ಚಕ್ರ ಇರುತ್ತದೆ. ಕಾರಿನಿಂದ ಬಿಡಿಸಿದಾಗ ಅದನ್ನು ಇಳಿಸಿ ಟ್ರೇಲರ್ ನಿಲ್ಲಿಸುತ್ತಾರೆ. ಆ ಪುಟ್ಟ ಚಕ್ರದ ಜಾಗದಲ್ಲಿ ಸ್ಟೆಪ್ನಿಯನ್ನೇ ಕೂರಿಸಿದರೆ? ಮೂಕಿಯ ಪಕ್ಕಕ್ಕೆ ಗಟ್ಟಿಯಾದ ಒಂದು ತೋಳು. ಅದರ ತುದಿಯಲ್ಲಿ ಟ್ರೇಲರ್ ಚಕ್ರಕ್ಕೆ ಇರುವಂಥದ್ದೇ ಬೋಲ್ಟುಗಳು, ಅದಕ್ಕೆ ಸ್ಟೆಪ್ನಿ. ಟ್ರ್ಯಾಕ್ಟರ್ ಬಿಡಿಸುವ ಮೊದಲು ತೋಳನ್ನು ಇಳಿಸಿ ಪಿನ್ ಹಾಕಿದರೆ ಸ್ಟೆಪ್ನಿ ನೆಲ ಮುಟ್ಟಿ ಮೂಕಿಯನ್ನು ಹೊರುತ್ತದೆ. ಹೊರಡುವಾಗ ಎತ್ತಿ ಮತ್ತೆ ಪಿನ್. ಟೈರ್ ಅಗಲವಾಗಿರುವುದರಿಂದ ಕಲ್ಲಿನಷ್ಟು ಸುಲಭವಾಗಿ ಮಣ್ಣಿನಲ್ಲಿ ಇಳಿಯುವುದಿಲ್ಲ. ಮುಖ್ಯವಾಗಿ, ಯಾರ ಕೈಯೂ ಮೂಕಿಯ ಕೆಳಗೆ ಹೋಗಬೇಕಾಗಿಲ್ಲ.

ಸ್ಟೆಪ್ನಿ ಎಂಬ ಪದವೇ ಒಂದು ಬೀದಿಯ ಹೆಸರು. 1904ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆತ್ಲಿ ಎಂಬ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ ಡೇವಿಸ್ ಸಹೋದರರು ಕಾರುಗಳಿಗೆ ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರು ಮಾಡಿದರು. ಆ ಬೀದಿಯ ಹೆಸರು ನಮ್ಮ ಗ್ಯಾರೇಜುಗಳ ತನಕ ಬಂದಿದೆ, ಚಕ್ರ ಮಾತ್ರ ನಮ್ಮ ಟ್ರೇಲರ್ ತನಕ ಇನ್ನೂ ಬಂದಿಲ್ಲ.

ಏಕೆ ಬಂದಿಲ್ಲ? ಇಲ್ಲಿ ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಉತ್ತರ ಹೊಳೆಯುತ್ತದೆ. ಮಾಲೀಕನ ಕಣ್ಣಿಗೆ ಸ್ಟೆಪ್ನಿ ಎಂದರೆ ಸುಮ್ಮನೆ ಬಿದ್ದಿರುವ ಬಂಡವಾಳ. ಇಟ್ಟ ಸ್ಟೆಪ್ನಿಯನ್ನೂ ಇನ್ನೊಂದು ಟೈರ್ ಸವೆದಾಗ ಅದರ ಜಾಗಕ್ಕೆ ಹಾಕಿಬಿಡುತ್ತಾರೆ. ಉಳಿದರೂ ಗಾಳಿ ನೋಡುವವರಿಲ್ಲ, ಬೇಕಾದ ದಿನ ಅದೂ ಚಪ್ಪಟೆ. ನಾವು ಅಕೌಂಟೆನ್ಸಿಯಲ್ಲಿ ಸಂಶಯಾಸ್ಪದ ಸಾಲಕ್ಕೆ ಪ್ರಾವಿಷನ್ ತೆಗೆದಿಡುತ್ತೇವೆ. ಸ್ಟೆಪ್ನಿಯೂ ಒಂದು ಪ್ರಾವಿಷನ್ನೇ. ಆದರೆ ದಿನಾ ಕೆಲಸ ಮಾಡುವ ಪ್ರಾವಿಷನ್ ಆದರೆ ಅದನ್ನು ಯಾರೂ ಮರೆಯುವುದಿಲ್ಲ. ಪ್ರತಿ ಸಂಜೆ ಮೂಕಿಯ ಭಾರ ಅದರ ಮೇಲೆ ಕುಳಿತಾಗ ಗಾಳಿ ಕಡಿಮೆಯಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬೇರೆ ಕಡೆ ಬಿಚ್ಚಿ ಹಾಕಿದರೆ ಟ್ರೇಲರ್ ನಿಲ್ಲಿಸಲು ಆಗದು, ಆದ್ದರಿಂದ ಬಿಚ್ಚುವ ಮೊದಲು ಯೋಚಿಸುತ್ತಾರೆ.

ಇದಕ್ಕೆ ಆಕ್ಷೇಪಗಳೂ ಇವೆ. ನಮ್ಮ ಚಾಚಾ ವೆಲ್ಡಿಂಗ್ ಕೆಲಸದವರು. ಮನೆಯಲ್ಲಿ ಉರ್ದುವಿನಲ್ಲಿ ಶುರುವಾದ ನಮ್ಮ ಚರ್ಚೆ ಗ್ಯಾರೇಜಿನಲ್ಲಿ ಕನ್ನಡಕ್ಕೆ ತಿರುಗಿತು, ಏಕೆಂದರೆ ಅಲ್ಲಿದ್ದ ಡ್ರೈವರಣ್ಣಂದಿರೂ ಸೇರಿಕೊಂಡರು. “ಚಕ್ರ ಭಾರ, ಒಬ್ಬನೇ ಎತ್ತೋಕೆ ಆಗಲ್ಲ” ಎಂದರು ಒಬ್ಬರು. ನಿಜ, ಎತ್ತಲು ಉದ್ದನೆಯ ಹಿಡಿ ಅಥವಾ ತಿರುಗಿಸುವ ಸ್ಕ್ರೂ ಬೇಕು. “ತಿರುವಿನಲ್ಲಿ ಟ್ರ್ಯಾಕ್ಟರಿನ ದೊಡ್ಡ ಚಕ್ರಕ್ಕೆ ತಾಗುತ್ತೆ” ಎಂದರು ಇನ್ನೊಬ್ಬರು. ಅದಕ್ಕೆ ಜಾಗವನ್ನು ಅಳತೆ ಮಾಡಿಯೇ ಕೂರಿಸಬೇಕು. ಚಾಚಾ ಹೇಳಿದ್ದು ಎಲ್ಲಕ್ಕಿಂತ ಮುಖ್ಯ: “ಚಕ್ರ ಅಂದ ಮೇಲೆ ಉರುಳುತ್ತೆ ಬೇಟಾ. ಹಿಂದಿನ ಎರಡು ಚಕ್ರಕ್ಕೂ ಕಟ್ಟಿಗೆ ಕೊಡಲೇಬೇಕು. ಪಿನ್ ಕೂಡ ಎರಡು ಇರಲಿ, ರಸ್ತೆಯಲ್ಲಿ ಒಂದು ಬಿದ್ದರೆ ಇನ್ನೊಂದು ಹಿಡೀಬೇಕು.” ಈ ಮಾತುಗಳು ನನ್ನ ವಾದವನ್ನು ಬೀಳಿಸಲಿಲ್ಲ, ಹೇಗೆ ಮಾಡಬೇಕೆಂದು ಕಲಿಸಿದವು.

ಹೊಸ ಕಾರುಗಳೇ ಸ್ಟೆಪ್ನಿ ಇಲ್ಲದೆ ಬರುತ್ತಿವೆಯಲ್ಲ ಎಂದು ನನ್ನ ಗೆಳೆಯನೊಬ್ಬ ಕೇಳಿದ. ಹೌದು, 2020ರಲ್ಲಿ ಕೇಂದ್ರ ಸರ್ಕಾರ ಸಣ್ಣ ವಾಹನಗಳಿಗೆ ಆ ವಿನಾಯಿತಿ ಕೊಟ್ಟಿದೆ. ಆದರೆ ಅವುಗಳಲ್ಲಿ ಟ್ಯೂಬ್‌ಲೆಸ್ ಟೈರ್, ಗಾಳಿ ಕಡಿಮೆಯಾದರೆ ಎಚ್ಚರಿಸುವ ಸೆನ್ಸರ್, ಪಂಕ್ಚರ್ ಕಿಟ್ ಇರಬೇಕು. ಹೊಲದ ಕೂಳೆ, ಮುಳ್ಳಿನ ಮೇಲೆ ಓಡುವ ಟ್ಯೂಬಿನ ಟೈರಿಗೆ ಆ ಉದಾಹರಣೆ ಒಪ್ಪುವುದಿಲ್ಲ.

ಕೊನೆಗೆ ಖರ್ಚಿನ ಮಾತು. ಒಂದು ಚಕ್ರ, ಸ್ವಲ್ಪ ಕಬ್ಬಿಣ, ಒಂದೆರಡು ದಿನದ ವೆಲ್ಡಿಂಗ್. ಇದು ಮಾಲೀಕನ ಖರ್ಚಿನ ಪಟ್ಟಿಯಲ್ಲಿ ಕಾಣುತ್ತದೆ. ಕಲ್ಲು ತಳ್ಳುವ ಹುಡುಗನ ಬೆರಳು, ಕತ್ತಲಲ್ಲಿ ಬರುವ ಬೈಕಿನವನ ಜೀವ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಉಳಿತಾಯ ಒಬ್ಬರದು, ನಷ್ಟ ಇನ್ನೊಬ್ಬರದು ಆದಾಗ ಅದನ್ನು ಉಳಿತಾಯ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮ ತರಗತಿಗಳಲ್ಲಿ ಟ್ರ್ಯಾಕ್ಟರ್ ಇರುವ ಮನೆಯವರಿದ್ದಾರೆ, ಓಡಿಸುವವರ ಮಕ್ಕಳಿದ್ದಾರೆ, ಗ್ಯಾರೇಜಿನವರ ಮಕ್ಕಳೂ ಇದ್ದಾರೆ. ಈ ಭಾನುವಾರ ಮನೆಯ ಟ್ರೇಲರನ್ನೊಮ್ಮೆ ನೋಡಿ: ಸ್ಟೆಪ್ನಿ ಇದೆಯೇ, ಮೂಕಿಗೆ ಸ್ಟ್ಯಾಂಡ್ ಇದೆಯೇ, ಹಿಂದೆ ರಿಫ್ಲೆಕ್ಟರ್ ಹೊಳೆಯುತ್ತದೆಯೇ? ಇಲ್ಲದಿದ್ದರೆ ಅಪ್ಪನನ್ನೋ ಅಬ್ಬಾನನ್ನೋ ಕೇಳಿ. ತೋಳು ಮಾಡಿಸಲು ತಡವಾದರೂ ರಿಫ್ಲೆಕ್ಟರ್ ಟೇಪನ್ನು ಅದೇ ದಿನ ಅಂಟಿಸಬಹುದು.