ಉಡದ ಮೊಟ್ಟೆ, ಹುತ್ತದ ಮಣ್ಣು

ಮಲೆನಾಡಿನಲ್ಲಿ ಉಡದ ವಿಚಾರ ಬಂದಾಗ ಕೆಲವರಿಂದ ಒಂದು ಸಮಾಧಾನದ ಮಾತು ಕೇಳಿಬರುವುದುಂಟು. 1975ರಲ್ಲಿ ಆರಂಭವಾದ ಯೋಜನೆಯಲ್ಲಿ ಮೊಸಳೆಗಳನ್ನು ಸಾಕಿ ನದಿಗೆ ಬಿಟ್ಟಂತೆ, ಉಡ ಕಡಿಮೆಯಾದರೆ ಅದನ್ನೂ ಮೃಗಾಲಯದಲ್ಲಿ ಬೆಳೆಸಿ ಕಾಡಿಗೆ ಬಿಟ್ಟರಾಯಿತು ಎಂಬುದೇ ಆ ಮಾತು. ಕೇಳಲು ಹಿತವಾಗಿದೆ. ಆದರೆ ದೊಡ್ಡ ಉಡಗಳನ್ನು ಸೆರೆಯಲ್ಲಿಟ್ಟು ಮರಿ ಮಾಡಿಸಲು ಹೊರಟವರ ಅನುಭವ ಅದಕ್ಕೆ ಅನುಗುಣವಾಗಿಲ್ಲ.

ಉಡಗಳ ಪೈಕಿ ಅತಿ ದೊಡ್ಡದು ಇಂಡೊನೇಷ್ಯಾದ ಕೆಲವೇ ದ್ವೀಪಗಳಲ್ಲಿರುವ ಕೊಮೊಡೊ ಉಡ. ಮೂರು ಮೀಟರಿನವರೆಗೆ ಬೆಳೆಯುವ ಈ ಪ್ರಾಣಿ ಲಂಡನ್ ಮೃಗಾಲಯಕ್ಕೆ 1927ರ ಹೊತ್ತಿಗೇ ಬಂದಿತ್ತು. ಹಾಗಿದ್ದೂ ಇಂಡೊನೇಷ್ಯಾದ ಹೊರಗೆ ಅದರ ಮೊಟ್ಟೆಗಳು ಮೊದಲ ಬಾರಿಗೆ ಒಡೆದು ಮರಿಗಳು ಹೊರಬಂದದ್ದು 1992ರ ಸೆಪ್ಟೆಂಬರಿನಲ್ಲಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ. ಹಣಕ್ಕಾಗಲಿ ಪಶುವೈದ್ಯರಿಗಾಗಲಿ ಕೊರತೆಯಿಲ್ಲದ ದೇಶಗಳಿಗೇ ಇದಕ್ಕೆ ಆರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ತೊಡಕು ಮೊದಲ ಹೆಜ್ಜೆಯಲ್ಲಿಯೇ ಇದೆ. ಹೊರನೋಟಕ್ಕೆ ಉಡದಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ಖಚಿತವಾಗಿ ಹೇಳುವುದು ಕಷ್ಟ. ಜೋಡಿಯೆಂದು ವರ್ಷಗಟ್ಟಲೆ ಒಟ್ಟಿಗಿಟ್ಟವು ಎರಡೂ ಗಂಡೇ ಆಗಿರಬಹುದು. ನಿಜವಾದ ಜೋಡಿಯೇ ಆದರೂ ಒಂದೇ ಆವರಣದಲ್ಲಿ ಅವು ಕಚ್ಚಾಡಿ ಗಾಯಗೊಳ್ಳುವುದು ಅಪರೂಪವಲ್ಲ. ಕಾಡಿನಲ್ಲಿ ದಿನವಿಡೀ ಬೇಟೆಗಾಗಿ ಅಲೆಯುವ ಪ್ರಾಣಿ ಇಕ್ಕಟ್ಟಿನಲ್ಲಿ ಕುಳಿತು ತಿಂದು ಕೊಬ್ಬುತ್ತದೆ; ಕೊಬ್ಬಿದ ಹೆಣ್ಣು ಸರಿಯಾಗಿ ಮೊಟ್ಟೆಯಿಡದು. ಇನ್ನು ಬಿಸಿಲು: ಮೈ ಕಾಯಿಸಲು ಸುಡುವಂಥ ಒಂದು ಜಾಗ ಬೇಕು, ಹಿಂದೆ ಸರಿಯಲು ತಂಪಾದ ಇನ್ನೊಂದು ಜಾಗವೂ ಬೇಕು. ದೀಪ ಹಚ್ಚಿ ಕೋಣೆಯನ್ನೆಲ್ಲ ಒಂದೇ ಸಮನೆ ಬೆಚ್ಚಗಿಟ್ಟರೆ ಸಾಲದು.

ಇವೆಲ್ಲಕ್ಕಿಂತ ದೊಡ್ಡ ತೊಡಕು ಮಣ್ಣಿನದು. ಬಸುರಿ ಉಡಕ್ಕೆ ಆಳವಾಗಿ ಅಗೆಯಲು ಬರುವ, ಕುಸಿಯದ, ಹದವಾದ ತೇವವೂ ಬಿಸಿಯೂ ಇರುವ ಮಣ್ಣು ಬೇಕು. ಅದು ಒಪ್ಪಿಗೆಯಾಗದಿದ್ದರೆ ಹೆಣ್ಣು ಹಲವೆಡೆ ಕೆದಕಿ ಬಿಟ್ಟುಬಿಡುತ್ತದೆ, ಮೊಟ್ಟೆಗಳನ್ನು ನೆಲದ ಮೇಲೆ ಚೆಲ್ಲುತ್ತದೆ, ಇಲ್ಲವೇ ಹೊಟ್ಟೆಯಲ್ಲಿಯೇ ತಡೆದುಕೊಂಡು ಸಾಯುತ್ತದೆ. ಕೊಮೊಡೊ ಉಡ ತನ್ನ ನಾಡಿನಲ್ಲಿ ಈ ಕಷ್ಟವನ್ನು ಜಾಣತನದಿಂದ ನೀಗಿಕೊಂಡಿದೆ: ಕಾಡುಕೋಳಿಯನ್ನು ಹೋಲುವ ಮೆಗಾಪೋಡ್ ಎಂಬ ಹಕ್ಕಿ ಒಟ್ಟಿದ ಮಣ್ಣಿನ ದಿಬ್ಬಗಳಲ್ಲಿ ಅದು ಮೊಟ್ಟೆಯಿಡುತ್ತದೆ. ಆಫ್ರಿಕದ ನೈಲ್ ಉಡಕ್ಕೆ ಗೆದ್ದಲಿನ ಹುತ್ತವೇ ಬಾಣಂತಿಕೋಣೆ. ಮೊಟ್ಟೆಯಿಟ್ಟು ಹೋದ ಮೇಲೆ ಗೆದ್ದಲುಗಳು ತಾವಾಗಿಯೇ ಗೋಡೆಯ ತೂತನ್ನು ಮೆತ್ತಿ ಮುಚ್ಚುತ್ತವೆ. ಒಳಗಿನ ತೇವ, ಬಿಸಿ ಹೆಚ್ಚು ಏರಿಳಿಯದಂತೆ ಕಾಯುವುದೂ ಅವುಗಳದೇ ಕೆಲಸ.

ಅದೇ ಕೆಲಸವನ್ನು ಮನುಷ್ಯ ಯಂತ್ರದಿಂದ ಮಾಡಬೇಕಾದರೆ ಕೊಮೊಡೊ ಮೊಟ್ಟೆಗಳನ್ನು ಸುಮಾರು ಎಂಟು ತಿಂಗಳು ಕಾಯಬೇಕು. ತೇವ ಹೆಚ್ಚಾದರೆ ಬೂಸಲು, ಕಡಿಮೆಯಾದರೆ ಮೊಟ್ಟೆ ಮುದುಡುತ್ತದೆ.

ಸೆರೆಯಲ್ಲಿ ಗಂಡು ಸಿಗದಾಗ ಏನಾಗುತ್ತದೆ ಎಂಬುದಕ್ಕೂ ಕೊಮೊಡೊ ಅಚ್ಚರಿಯ ಉತ್ತರ ಕೊಟ್ಟಿತು. ಲಂಡನ್ ಮೃಗಾಲಯದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಗಂಡಿನ ಸಂಪರ್ಕವಿಲ್ಲದಿದ್ದ ಹೆಣ್ಣೊಂದು 2005ರ ಕೊನೆಯಲ್ಲಿ 22 ಮೊಟ್ಟೆಗಳನ್ನಿಟ್ಟಿತು, ನಾಲ್ಕು ಮರಿಯಾದವು. ಚೆಸ್ಟರ್ ಮೃಗಾಲಯದಲ್ಲಿ ಗಂಡನ್ನೇ ಕೂಡದ ಇನ್ನೊಂದು ಹೆಣ್ಣು 2006ರಲ್ಲಿ ಹೀಗೆಯೇ ಮೊಟ್ಟೆಯಿಟ್ಟಿತು. ಇದು ಅನಿಷೇಕ ಜನನವೆಂದು ವಂಶವಾಹಿ ಪರೀಕ್ಷೆ ತೋರಿಸಿತು. ಪತ್ರಿಕೆಗಳು ಪವಾಡವೆಂಬಂತೆ ಬರೆದವು. ಆದರೆ ಹೀಗೆ ಹುಟ್ಟುವ ಮರಿಗಳೆಲ್ಲ ಗಂಡು. ಕೋಳಿಯಲ್ಲಿರುವಂತೆ ಉಡದಲ್ಲಿಯೂ ಎರಡು ಬಗೆಯ ಲಿಂಗ ವರ್ಣತಂತು ಇರುವುದು ಹೆಣ್ಣಿನಲ್ಲಿ. ಅನಿಷೇಕ ಜನನದಲ್ಲಿ ಒಂದೇ ಬಗೆಯದು ಇಮ್ಮಡಿಯಾದಾಗ ಬದುಕುಳಿಯುವುದು ಗಂಡು ಮಾತ್ರ. ಜೊತೆಗೆ ತಾಯಿಯಲ್ಲಿದ್ದ ವಂಶವಾಹಿ ವೈವಿಧ್ಯವೂ ಮರಿಗಳಲ್ಲಿ ಕುಗ್ಗುತ್ತದೆ. ಮರಿಗಳ ಎಣಿಕೆ ಏರಿದರೂ ಸಂತತಿ ಗಟ್ಟಿಯಾಗುವುದಿಲ್ಲ. ಕೊಮೊಡೊ ಮೃಗಾಲಯಗಳಲ್ಲಿ ಮರಿ ಮಾಡತೊಡಗಿ ಮೂರು ದಶಕವಾಗುವ ಹೊತ್ತಿಗೆ, 2021ರಲ್ಲಿ, ಅದನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಸಮುದ್ರ ಮಟ್ಟದ ಏರಿಕೆಯಿಂದ ಅದರ ನೆಲೆಯೇ ಕುಗ್ಗಲಿದೆ ಎಂಬುದು ಮುಖ್ಯ ಕಾರಣ.

ಮಲೆನಾಡಿನ ಉಡದ ಕಥೆ ಗಾತ್ರದಲ್ಲಿ ಸಣ್ಣದಾದರೂ ಜಾಡು ಅದೇ. ಅದೂ ನೆಲ ಅಗೆದು, ಅನೇಕ ವೇಳೆ ಹುತ್ತದಲ್ಲಿ, ಮಳೆಗಾಲದ ಆಸುಪಾಸಿನಲ್ಲಿ ಮೊಟ್ಟೆಯಿಡುತ್ತದೆ. ಮರಿ ಹೊರಬರಲು ಐದಾರು ತಿಂಗಳಾದರೂ ಬೇಕು, ಅನೇಕ ಸಲ ಅದಕ್ಕೂ ಹೆಚ್ಚು. ಅಂದರೆ ಚಳಿಗಾಲವನ್ನೂ ಬೇಸಿಗೆಯ ಬಹುಭಾಗವನ್ನೂ ಮೊಟ್ಟೆಗಳು ಮಣ್ಣೊಳಗೆ ಕಳೆಯುತ್ತವೆ. ಅಡಿಕೆ ತೋಟಕ್ಕೆ ಹೊಸ ಮಣ್ಣು ಹಾಕಲು ಧರೆ ಕಡಿಯುವುದು, ಬೇಣ ಸಮತಟ್ಟು ಮಾಡುವುದು, ಹುತ್ತಗಳನ್ನು ಜೆಸಿಬಿಯಿಂದ ಕೀಳುವುದು ಎಲ್ಲವೂ ಸರಿಯಾಗಿ ಈ ತಿಂಗಳುಗಳಲ್ಲಿಯೇ. ಹುತ್ತವೆಂದರೆ ಗೆದ್ದಲಿನ ಕಾಟವೆಂದೇ ಎಣಿಸುವ ಕೃಷಿಕರಿದ್ದಾರೆ. ಒಣಗಿದ ದರಕು, ಕಟ್ಟಿಗೆಯನ್ನು ಮಣ್ಣಿಗೆ ಸೇರಿಸುವ ಅದರ ಕೆಲಸ ಲೆಕ್ಕಕ್ಕೆ ಬರುವುದೇ ಇಲ್ಲ.

ಬೇಟೆಯ ಹಾವಳಿ ಬೇರೆ ಇದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಯಲ್ಲಿ ಹುಲಿಯೊಂದಿಗೆ ಉಡದ ಹೆಸರೂ ಇದೆ. ಆದರೂ ಮಾಂಸಕ್ಕೆ, ಎಣ್ಣೆಗೆ ಅದನ್ನು ಹಿಡಿಯುವುದು ನಿಂತಿಲ್ಲ. ‘ಹತ್ತಾ ಜೋಡಿ’ ಎಂಬ ಅದೃಷ್ಟದ ಬೇರೆಂದು ಮಾರಾಟವಾಗುತ್ತಿದ್ದುದು ಒಣಗಿಸಿದ ಗಂಡು ಉಡದ ಜನನಾಂಗವೆಂದು 2017ರಲ್ಲಿ ದೇಶಕ್ಕೆಲ್ಲ ತಿಳಿಯಿತು.

ಮಣ್ಣು ಅಗೆಯುವಾಗ ಮೊಟ್ಟೆ ಕಂಡರೆ ಮರುಕದಿಂದ ಎತ್ತಿ ಬುಟ್ಟಿಗೆ ಹಾಕುವವರೂ ಇದ್ದಾರೆ. ಕೋಳಿಮೊಟ್ಟೆಯನ್ನು ಕಾವಿನಲ್ಲಿ ಹೊರಳಿಸಬೇಕು, ಉಡದ್ದನ್ನು ಹೊರಳಿಸಬಾರದು. ತಲೆಕೆಳಗಾದರೆ ಒಳಗಿನ ಭ್ರೂಣ ಸಾಯಬಹುದು. ಮೃಗಾಲಯಗಳಲ್ಲಿ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿಯೇ ಎತ್ತುತ್ತಾರೆ. ಆದುದರಿಂದ ಕಂಡ ಮೊಟ್ಟೆಯನ್ನು ಮುಟ್ಟದೆ, ಅದೇ ಮಣ್ಣನ್ನು ಮೇಲೆ ಮುಚ್ಚಿ, ಅರಣ್ಯ ಇಲಾಖೆಯವರಿಗೆ ತಿಳಿಸುವುದು ಒಳಿತು. ಆ ತುಣುಕು ಧರೆಯನ್ನು ಮಳೆಗಾಲ ಹಿಡಿಯುವವರೆಗೆ ಕಡಿಯದೆ ಬಿಡಬಹುದು. ಮಣ್ಣನ್ನು ಬೇರೆಡೆಯಿಂದ ತರಲು ಅಡ್ಡಿಯಿಲ್ಲ.