ತಿಂಡಿ ಸಂಘದ ಸಂವಿಧಾನ

ಸರ್ಕಾರಿ ಆಫೀಸುಗಳ ಬಗ್ಗೆ ಬರೆಯುವವರೆಲ್ಲ ಬೈಯೋದೇ ಹೆಚ್ಚು. ಫೈಲು ಕದಲಲ್ಲ, ಸಾಹೇಬ್ರು ಸೀಟಿನಲ್ಲಿರಲ್ಲ, ಇತ್ಯಾದಿ ಇತ್ಯಾದಿ. ಇರಬಹುದು ಬಿಡಿ. ಆದರೆ ಪ್ರತಿ ಆಫೀಸಿನಲ್ಲೂ ಒಂದೇ ಒಂದು ವ್ಯವಸ್ಥೆ ಮಳೆ ಬರಲಿ, ಬಂದ್ ಆಗಲಿ, ತಪ್ಪದೆ ನಡೆಯುತ್ತೆ. ಅದೇ ತಿಂಡಿ ಸಂಘ!

ನಮ್ಮದು ಮಳವಳ್ಳಿ ಕಡೆಯ ಒಂದು ಆಫೀಸು. ಬಂಡೂರು, ಮದ್ದೂರು, ಮಂಡ್ಯ ಅಂತ ನಾಲ್ಕು ದಿಕ್ಕಿನಿಂದ ಬಸ್ಸು ಹಿಡಿದು ಬರುವ ಜನ. ನಮ್ಮ ಸಂಘಕ್ಕೆ ರಿಜಿಸ್ಟ್ರೇಷನ್ ಇಲ್ಲ, ಬೋರ್ಡಿಲ್ಲ. ಆದರೆ ಸಂವಿಧಾನ ಇದೆ. ಹಳೇ ಲೆಡ್ಜರಿನ ಕೊನೇ ಪುಟದಲ್ಲಿ ಬರೆದಿಟ್ಟಿದ್ದೇವೆ. ಮುಖ್ಯವಾದ ಕಲಂಗಳು ಹೀಗಿವೆ:

ಕಲಂ 1. ಸಂಬಳ ಬಂದ ಮೂರು ದಿನದೊಳಗೆ ಚಂದಾ ಕಟ್ಟತಕ್ಕದ್ದು. ದೊಡ್ಡ ಸಂಬಳಕ್ಕೆ ದೊಡ್ಡ ಚಂದಾ, ಸಣ್ಣ ಸಂಬಳಕ್ಕೆ ಸಣ್ಣ ಚಂದಾ. ವಡೆ ಮಾತ್ರ ಎಲ್ಲರಿಗೂ ಒಂದೇ ಸೈಜು.

ಕಲಂ 2. ತಿಂಡಿ ಸಮಯ ನಾಲ್ಕರಿಂದ ನಾಲ್ಕೂಕಾಲು. ಹೊರಗೆ ಬೆಂಚಿನ ಮೇಲೆ ಯಾರಾದರೂ ಕಾಯುತ್ತಾ ಕೂತಿದ್ದರೆ ಅವರ ಕೆಲಸ ಮುಗಿಸದೆ ತಟ್ಟೆ ಮುಟ್ಟುವಂತಿಲ್ಲ.

ಕಲಂ 3. ಮೀಟಿಂಗು, ಮದುವೆ, ಕೋರ್ಟು, ಯಾವ ಕಾರಣಕ್ಕೆ ಮದ್ದೂರಿಗೆ ಹೋದರೂ ಬರಿಗೈಯಲ್ಲಿ ವಾಪಸ್ ಬರಕೂಡದು. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆದಮೇಲೆ "ಬೈಪಾಸಲ್ಲಿ ಬಂದುಬಿಟ್ಟೆ, ಊರೊಳಗೆ ಹೋಗಲೇ ಇಲ್ಲ" ಅನ್ನುವ ನೆಪ ಶುರುವಾಗಿದೆ. ಸದರಿ ನೆಪವನ್ನು ಸಂಘ ಮಾನ್ಯ ಮಾಡುವುದಿಲ್ಲ.

(ಮದ್ದೂರು ವಡೆಯ ಕಥೆ ನಿಮಗೆ ಗೊತ್ತಿರಬಹುದು. 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಅನ್ನೋರು ಪಕೋಡ ಮಾರುತ್ತಿದ್ದರಂತೆ. ಒಂದು ದಿನ ರೈಲು ಬೇಗ ಬಂದುಬಿಟ್ಟಿತಂತೆ. ಪುರುಸೊತ್ತಿಲ್ಲದೆ ಅದೇ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರಂತೆ. ರೈಲು ಬೇಗ ಬಂದು ಒಳ್ಳೇದಾಗಿದ್ದು ಅದೊಂದೇ ಸಲ ಇರಬೇಕು :) )

ಕಲಂ 4. ಪ್ರಮೋಷನ್, ಹೊಸ ಗಾಡಿ, ಮಗು, ಬೋರ್‌ವೆಲ್‌ನಲ್ಲಿ ನೀರು - ಇವುಗಳಲ್ಲಿ ಯಾವುದಾದರೂ ಬಂದರೆ ಸಿಹಿ ಕೊಡಿಸತಕ್ಕದ್ದು. ಡಿ ಗ್ರೂಪಿನವರಿಗೆ ಈ ಕಲಂನಿಂದ ವಿನಾಯಿತಿ.

ಕಲಂ 5. ಸೋಮವಾರ, ಶನಿವಾರ ಮತ್ತು ಇಡೀ ಶ್ರಾವಣ ಮೊಟ್ಟೆ ಪಫ್ಸ್ ತರಿಸುವಂತಿಲ್ಲ. ಬೇರೆ ದಿನ ತರಿಸಬಹುದು. ತಟ್ಟೆ ಬೇರೆ, ಮೇಜು ಒಂದೇ. "ಅಯ್ಯೋ ವಾಸನೆ" ಅಂದವರಿಗೆ ಇಪ್ಪತ್ತು ರೂಪಾಯಿ ದಂಡ. ತಿನ್ನದವರನ್ನು "ಪುಳಿಚಾರು" ಅಂದವರಿಗೂ ಅಷ್ಟೇ ದಂಡ.

ಕಲಂ 6. ತಿಂಡಿ ತಂದವರು ಮೊದಲು ಕುರ್ಚಿಯಲ್ಲಿ ಕೂತು ತಿನ್ನಬೇಕು. ಅವರು ಕೂರುವ ತನಕ ಬೇರೆ ಯಾರೂ ಶುರು ಮಾಡುವಂತಿಲ್ಲ. ಲೋಟ ಎಲ್ಲರಿಗೂ ಒಂದೇ ತರಹದ್ದು. ತೊಳೆಯೋದು ಅವರವರೇ.

ಓದಿ ನಕ್ಕಿರ್ತೀರ. ನಗಲಿ ಅಂತಲೇ ಹೀಗೆ ಬರೆದಿದ್ದು. ಆದರೆ ಆರನೇ ಕಲಂ ತಮಾಷೆಗೆ ಬಂದಿದ್ದಲ್ಲ. ನಮ್ಮಲ್ಲಿ ತಿಂಡಿ ತರೋದು ದಲಾಯತರು. ಈ ಲೆಡ್ಜರ್ ಪುಟ ಬರೆಯೋಕೆ ಮುಂಚೆ ಅವರು ತರೋರು, ಹಂಚೋರು, ತಮ್ಮ ಪಾಲನ್ನು ಪೇಪರಿನಲ್ಲಿ ಹಿಡಕೊಂಡು ವರಾಂಡಕ್ಕೆ ಹೋಗಿ ನಿಂತು ತಿನ್ನೋರು. ಹಾಗೆ ಮಾಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಯಾವ ನಿಯಮವೂ ಇರಲಿಲ್ಲ. ಬರೆಯದೆ ನಡೆಯೋ ನಿಯಮವೇ ಎಲ್ಲಕ್ಕಿಂತ ಗಟ್ಟಿ, ಯಾಕೆಂದ್ರೆ ಅದನ್ನ ಪ್ರಶ್ನೆ ಮಾಡೋಕೆ ಹೋದ್ರೆ "ಯಾರ್ ಹೇಳವ್ರೆ ಹಂಗಂತ?" ಅಂತ ನಮ್ಮನ್ನೇ ಕೇಳ್ತಾರೆ.

ಕಲಂ 6 ಬರೆದ ಮೊದಲ ವಾರ ದಲಾಯತರೇ ಒಪ್ಪಲಿಲ್ಲ. "ಬುಡಿ ಸಾ, ನಂಗ್ ಇಲ್ಲೇ ಸರಿ" ಅಂತ ಬಾಗಿಲಲ್ಲೇ ನಿಂತರು. ನಾಲ್ಕೂಕಾಲಾಯ್ತು, ವಡೆ ಆರುತ್ತಿತ್ತು, ನಿಯಮದ ಪ್ರಕಾರ ಯಾರೂ ಮುಟ್ಟುವ ಹಾಗಿಲ್ಲ. "ಅಣ್ಣ, ನೀವು ಕೂರ್ದೆ ನಮಗ್ಯಾರಿಗೂ ಇಲ್ಲ" ಅಂದಮೇಲೆ ಬಂದು ಕೂತರು. ಸಮಾನತೆಯ ಭಾಷಣ ಮಾಡಿದ್ದರೆ ಕೂರುತ್ತಿರಲಿಲ್ಲ. ಈಗ ದಿನಾ ಕೂರ್ತಾರೆ, ಚಂದಾ ಕೊಡದವರನ್ನ ಗದರಿಸ್ತಾರೆ ಕೂಡ.

ಇದನ್ನೆಲ್ಲ ಬರೆಯುವಾಗ ನಮ್ಮ ಜಿಲ್ಲೆಯಲ್ಲೇ ನಡೆದ ದೊಡ್ಡ ಜಗಳ ನೆನಪಾಗುತ್ತೆ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಆಯ್ತಲ್ಲ. ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು. ಸಮ್ಮೇಳನದ ಊಟ ಅಂದ್ರೆ ಸಸ್ಯಾಹಾರ ಅನ್ನೋದು ರೂಢಿ. ಆ ಸಲ ಸೂಚನೆಗಳಲ್ಲಿ ಮದ್ಯ, ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂತ ಬರೆದುಬಿಟ್ಟರು. ತಗೊಳಪ್ಪ! "ಬಾಡೇ ನಮ್ ಗಾಡು" ಅಂತ ಶುರುವಾಯ್ತು, ಬಾಡೂಟಕ್ಕಾಗಿ ಹೋರಾಟ ಆಯ್ತು, ಕೊನೆಯ ದಿನ ಬೇಯಿಸಿದ ಮೊಟ್ಟೆ ಹಂಚಿದರು.

ಲಕ್ಷಾಂತರ ಜನಕ್ಕೆ ಬಾಡೂಟ ಮಾಡಿಸೋದು ಕಷ್ಟ, ಖರ್ಚು ಜಾಸ್ತಿ ಅಂತ ಮಾತ್ರ ಹೇಳಿದ್ದರೆ ಬಹಳ ಜನ ಒಪ್ಪುತ್ತಿದ್ದರೇನೋ. ಮುದ್ದೆಗೆ ಬಸ್ಸಾರಿದ್ದರೆ ನಮಗೂ ಸಾಕು. ಆದರೆ ನಮ್ಮವ್ವ ಹಬ್ಬದ ಮಾರನೇ ದಿನ ಮಾಡೋ ಸಾರನ್ನ ಬೀಡಿ ಬ್ರಾಂದಿ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿದ್ರೆ ಹೇಗೆ ಸುಮ್ಮನಿರೋದು? ಅದೂ ಯಾವ ಜಿಲ್ಲೆಯಲ್ಲಿ ಸ್ವಾಮಿ! ಬಂಡೂರು ಕುರಿಯ ಜಿಲ್ಲೆಯಲ್ಲಿ. ಗಿಡ್ಡ ಕಾಲು, ಗುಂಡಗಿನ ಮೈ, ಕೆಲವಕ್ಕೆ ಕಂದು ಮುಖ. ಮಾಂಸದ ರುಚಿಗೆ ದೇಶದಲ್ಲೆಲ್ಲ ಹೆಸರಾದ ತಳಿ. ಇದಕ್ಕೆ ಮಂಡ್ಯ ಕುರಿ ಅಂತಲೇ ಇನ್ನೊಂದು ಹೆಸರು. ಅಂದ್ರೆ ಜಿಲ್ಲೆಯ ಹೆಸರಿಟ್ಟುಕೊಂಡ ಕುರಿಗೆ ಜಿಲ್ಲೆಯಲ್ಲೇ ಪ್ರವೇಶ ಇಲ್ಲ :)

ಆದರೂ ನನ್ನ ಪ್ರಕಾರ ಆ ಸೂಚನೆ ಬರೆದಿದ್ದರಿಂದ ಒಂದು ಉಪಕಾರ ಆಯ್ತು. ಅಷ್ಟು ವರ್ಷ ರೂಢಿ ಅಂತ ಸುಮ್ಮನೆ ನಡೆದುಕೊಂಡು ಬಂದದ್ದು ಕಾಗದದ ಮೇಲೆ ಬಂತು. ಬಂದ ಮೇಲೆ ಎಲ್ಲರಿಗೂ ಕಂಡಿತು. ಕಂಡಮೇಲೆ ಜಗಳ ಆಡೋಕಾಯ್ತು. ವರಾಂಡದಲ್ಲಿ ನಿಂತು ತಿನ್ನೋ ಪದ್ಧತಿಗೆ ಹೀಗೆ ಜಗಳ ಆಡೋಕೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಆರನೇ ಕಲಂ ನಾವೇ ಬರೀಬೇಕಾಯ್ತು.

ಹಾಗಾಗಿ ತಿಂಡಿ ಸಂಘಗಳ ನಿಯಮ ನೋಡಿ ಕೆಲಸವಿಲ್ಲದವರ ಕೆಲಸ ಅಂತ ಮೂಗು ಮುರಿಯಬೇಡಿ. ನಿಮ್ಮ ಆಫೀಸು ಬೆಂಗಳೂರಿನ ಹತ್ತನೇ ಮಹಡಿಯ ಸಾಫ್ಟ್‌ವೇರ್ ಕಂಪನಿಯೇ ಆಗಿರಲಿ, ನಾಳೆ ನಾಲ್ಕು ಗಂಟೆಗೆ ಒಮ್ಮೆ ಸುತ್ತ ನೋಡಿ. ಟೀ ತಂದುಕೊಟ್ಟವರು, ಕಸ ಗುಡಿಸಿದವರು, ಗೇಟಿನ ಸೆಕ್ಯೂರಿಟಿಯವರು ಎಲ್ಲಿ ಕೂತು ಕುಡೀತಾ ಇದ್ದಾರೆ? ಅಲ್ಲಿ ಕೂರಿ ಅಂತ ಅವರಿಗೆ ಹೇಳಿದ್ದು ಯಾರು?

ಉತ್ತರ ಸಿಗದಿದ್ದರೆ ಒಂದು ಹಳೇ ಲೆಡ್ಜರ್ ಹುಡುಕಿ. ನಮ್ಮ ಕಲಂಗಳನ್ನು ಯಾರು ಬೇಕಾದರೂ ಕದಿಯಬಹುದು, ಕಾಪಿರೈಟ್ ಇಲ್ಲ. ವಡೆ ಮಾತ್ರ ನೀವೇ ತರಿಸಿಕೊಳ್ಳಿ.