‘ಏ ಹುಡುಗಾ’ ಅನ್ನೋದು ಬಿಡಿ, ಹೆಸರು ಕೇಳಿ

ಶಿಡ್ಲಘಟ್ಟದ ಗೂಡು ಮಾರುಕಟ್ಟೆ ರೇಷ್ಮೆ ವಹಿವಾಟಿನವರಿಗೆಲ್ಲ ಗೊತ್ತಿರುವ ಜಾಗ. ಜಾಲರಿಯಲ್ಲಿ ಸುರಿದ ಗೂಡಿಗೆ ಇವತ್ತು ಏನು ದರ ಬಿತ್ತು ಅನ್ನೋದು ಸಂಜೆಯೊಳಗೆ ಚಿಂತಾಮಣಿಯ ಟೀ ಅಂಗಡಿಗೂ ತಲುಪುತ್ತದೆ. ಆದರೆ ಅದೇ ಊರಿನ ಓಣಿಯಲ್ಲಿ, ಶಾಲೆಯ ಹೊತ್ತಿನಲ್ಲಿ, ಸೈಕಲ್ ಟೈರು ಉರುಳಿಸಿಕೊಂಡು ತಿರುಗುವ ಹುಡುಗ ಯಾರ ಮಗ, ಯಾಕೆ ಶಾಲೆಗೆ ಹೋಗಿಲ್ಲ, ಬೆಳಿಗ್ಗೆ ಏನಾದ್ರೂ ತಿಂದನೋ ಇಲ್ಲವೋ ಎಂದು ಕೇಳಿದರೆ ಎದುರಿನ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಗೂಡಿನ ದರ ಪೈಸೆ ಸಮೇತ ಗೊತ್ತು, ಹುಡುಗನ ಹೆಸರು ಗೊತ್ತಿಲ್ಲ!

ಇದು ಶಿಡ್ಲಘಟ್ಟದ ಕಥೆ ಮಾತ್ರ ಅಲ್ಲ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣ, ಗೌರಿಬಿದನೂರಿನ ರೈಲ್ವೆ ಸ್ಟೇಷನ್, ಚಿಂತಾಮಣಿಯ ಮಾರ್ಕೆಟ್ಟು, ಎಲ್ಲಿ ನಿಂತು ನೋಡಿದರೂ ಇಂಥ ನಾಲ್ಕು ಮಕ್ಕಳು ಕಣ್ಣಿಗೆ ಬೀಳುತ್ತಾರೆ. ಜನ ಅವರಿಗೆ ಇಟ್ಟಿರುವ ಹೆಸರುಗಳು ಪೋಲಿ, ಪುಂಡ, ಕಳ್ಳ. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಅವರನ್ನು ಕರೆಯುವವರು ಬೀದಿಯಲ್ಲಿ ಒಬ್ಬರೂ ಇಲ್ಲ.

ಈ ಮಕ್ಕಳು ಆಕಾಶದಿಂದ ಉದುರಿದವರಲ್ಲ. ಗೂಡು ಬೇಯಿಸಿ ನೂಲು ತೆಗೆಯುವ ಕೆಲಸದಲ್ಲಿ ಹಿಂದೆ ಮಕ್ಕಳ ಕೈಗೆ ಬಹಳ ಬೇಡಿಕೆ ಇತ್ತು. ಚರಕ ತಿರುಗಿಸೋಕೆ ಸಣ್ಣ ಕೈ ಸಾಕು, ಬಿಸಿನೀರಿನಲ್ಲಿ ಎಳೆ ಹುಡುಕೋಕೆ ಸಣ್ಣ ಬೆರಳು ಸಾಕು. ಅಪ್ಪ ತಂದ ಮುಂಗಡವನ್ನು ಮಗ ದುಡಿದು ತೀರಿಸಬೇಕು. 2003ರ ಜನವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಕರ್ನಾಟಕ, ತಮಿಳುನಾಡು ಮತ್ತು ಉತ್ತರ ಪ್ರದೇಶಗಳ ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಬಿದ್ದ ಮಕ್ಕಳ ಬಗ್ಗೆ ವರದಿ ಪ್ರಕಟಿಸಿತು. ಬಿಸಿನೀರಿಗೆ ಬೆಂದ ಬೆರಳು, ಹೊಗೆ ತುಂಬಿದ ಕೋಣೆ, ದಿನಕ್ಕೆ 12 ಗಂಟೆಯ ದುಡಿಮೆ ಎಲ್ಲ ಅದರಲ್ಲಿದ್ದವು. ಹೊರಗಿನವರು ಬೆಚ್ಚಿಬಿದ್ದರು. ರೇಷ್ಮೆ ಊರುಗಳ ಹಿರಿಯರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ.

ಕಾನೂನಿಗೆ ಬರಗಾಲ ಇಲ್ಲ ಬಿಡಿ. 1976ರಲ್ಲಿ ಜೀತ ರದ್ದಾಯಿತು. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಅಪಾಯದ ಕೆಲಸಕ್ಕೆ ಮಕ್ಕಳನ್ನು ಹಚ್ಚಿದ ಮಾಲೀಕ ಮಗುವೊಂದಕ್ಕೆ 20 ಸಾವಿರ ರೂಪಾಯಿ ಕಟ್ಟಬೇಕೆಂದಿತು. 2010ರಿಂದ ಶಿಕ್ಷಣದ ಹಕ್ಕು ಜಾರಿಯಲ್ಲಿದೆ. 2016ರ ತಿದ್ದುಪಡಿಯಂತೆ 14 ವರ್ಷದೊಳಗಿನವರನ್ನು ಕೂಲಿಗೆ ಇಟ್ಟುಕೊಳ್ಳುವಂತೆಯೇ ಇಲ್ಲ. ಶಾಲೆ ಮುಗಿದ ಮೇಲೆ ಅಪಾಯವಿಲ್ಲದ ಮನೆಕೆಲಸಕ್ಕೆ ನೆರವಾಗಬಹುದು, ಅಷ್ಟೇ. ಇವೆಲ್ಲ ಸೇರಿ ಎಷ್ಟೋ ಮಕ್ಕಳನ್ನು ಶೆಡ್ಡಿನಿಂದ ಈಚೆಗೆ ತಂದವು. ಅದು ದೊಡ್ಡ ಕೆಲಸ, ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಈಚೆಗೆ ಬಂದ ಹುಡುಗ ಎಲ್ಲಿಗೆ ಹೋಗಬೇಕು? ತಾಯಿ ಬೆಳಗಾಗುವ ಮೊದಲೇ ನೂಲು ತೆಗೆಯೋಕೆ ಹೊರಟಿರುತ್ತಾಳೆ. ತಂದೆ ಸಂಜೆ ಕುಡಿದು ಬರುತ್ತಾನೆ, ಇಲ್ಲ ಬರುವುದೇ ಇಲ್ಲ. ಶಾಲೆಯಲ್ಲಿ ಹೆಸರಿದೆ, ಹಾಜರಿ ಇಲ್ಲ. ನಾಲ್ಕು ದಿನ ತಪ್ಪಿಸಿದ ಮೇಲೆ ಐದನೇ ದಿನ ಹೋಗೋಕೆ ಹೆದರಿಕೆ. ಆಮೇಲೆ ಪಂಕ್ಚರ್ ಸೊಲ್ಯೂಷನ್ ಮೂಸೋದು ಕಲಿಸುವ ದೊಡ್ಡ ಹುಡುಗರು ಸಿಗುತ್ತಾರೆ. ‘ಬಾರೋ, ಹೆಂಗಿದೀಯ’ ಎಂದು ಅವನನ್ನು ಹೆಸರು ಹಿಡಿದು ಕರೆಯುವವರು ಅವರೊಬ್ಬರೇ. ಹಾಗಿರುವಾಗ ಅವನು ಅವರ ಹಿಂದೆ ಹೋದರೆ ಆಶ್ಚರ್ಯವೇನು?

ಇಲ್ಲಿ ಬೇಕಾಗಿರುವುದು ಇನ್ನೊಂದು ಕಾಯ್ದೆ ಅಲ್ಲ. ಆ ಹುಡುಗನನ್ನು ಒಳ್ಳೆಯ ಉದ್ದೇಶದಿಂದ ಹೆಸರು ಹಿಡಿದು ಕರೆಯುವ ಒಬ್ಬ ದೊಡ್ಡ ಮನುಷ್ಯ ಬೇಕು. ಬೆಂಗಳೂರಿನಲ್ಲಿ 1980ರಲ್ಲಿ ಬಾಸ್ಕೋ ಸಂಸ್ಥೆಯ ಕೆಲಸ ಶುರುವಾದದ್ದೇ ಹೀಗೆ. ಮೊದಲು ಕಟ್ಟಡ ಕಟ್ಟಿ ಮಕ್ಕಳನ್ನು ಹಿಡಿದು ತಂದು ತುಂಬಲಿಲ್ಲ. ಕೆಲವು ಯುವಕರು ಬೀದಿಗೆ ಹೋಗಿ, ಚಿಂದಿ ಆಯುವ ಮಕ್ಕಳ ಜೊತೆ ಕೂತು ಮಾತಾಡಿದರು. ಸ್ನೇಹ ಮೊದಲು, ಉಳಿದದ್ದು ಆಮೇಲೆ.

ಇನ್ನೂ ಹತ್ತಿರದ ಉದಾಹರಣೆ ಬೇಕೇ? ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬ ಊರಲ್ಲಿ ಹೈಸ್ಕೂಲು ಇಲ್ಲದೆ ಓದು ನಿಲ್ಲಿಸಿ ಕೂತಿದ್ದ. ಅವನ ಹಳೆಯ ಮೇಷ್ಟ್ರು ಆಗ ಬೆಂಗಳೂರಿನಲ್ಲಿದ್ದರು, ಬಾ ಎಂದು ಕರೆದರು. ಬಸ್ಸಿಗೆ ಕಾಸಿಲ್ಲದ ಹುಡುಗ 1935ರಲ್ಲಿ ಎರಡು ದಿನ ನಡೆದೇ ಬೆಂಗಳೂರು ಸೇರಿದ. ಅವರೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯ. ಅವರ ಛಲದ ಬಗ್ಗೆ ಎಲ್ಲರೂ ಭಾಷಣ ಮಾಡುತ್ತಾರೆ. ‘ಬಾ’ ಎಂದ ಮೇಷ್ಟ್ರ ವಿಚಾರ ಯಾರೂ ಎತ್ತುವುದಿಲ್ಲ. ಆ ಒಂದು ಕರೆ ಬರದಿದ್ದರೆ ಆ ಹುಡುಗ ನಡೆದಾದರೂ ಎಲ್ಲಿಗೆ ಹೋಗುತ್ತಿದ್ದ?

‘ಅಲ್ಲ ಸ್ವಾಮಿ, ಇವತ್ತು ಮಾತಾಡಿಸಿದ್ರೆ ನಾಳೆ ಗಲ್ಲಾಕ್ಕೆ ಕೈ ಹಾಕ್ತಾನೆ’ ಎಂದು ಅಂಗಡಿಯವರು ಹೇಳಬಹುದು. ಆ ಮಾತಿನಲ್ಲೂ ಸತ್ಯ ಇಲ್ಲದಿಲ್ಲ. ಏಟು ತಿಂದು ಬೆಳೆದ ಮಗು ಮೊದಲ ದಿನವೇ ನಂಬುವುದಿಲ್ಲ, ಬೈದು ನೋಡುತ್ತದೆ, ಸುಳ್ಳು ಹೇಳಿ ನೋಡುತ್ತದೆ, ಏನಾದರೂ ಎತ್ತಿಕೊಂಡು ಓಡಿಯೂ ನೋಡುತ್ತದೆ. ಇವರೂ ಎಲ್ಲರ ಹಾಗೆ ಓಡಿಸುತ್ತಾರೋ ಇಲ್ಲವೋ ಎಂಬ ಪರೀಕ್ಷೆ ಅದು. ಕದ್ದರೆ ತಪ್ಪು ಎಂದೇ ಹೇಳಬೇಕು, ಸಾಮಾನು ವಾಪಸ್ ಇಡಿಸಬೇಕು. ಮಾರನೆಯ ದಿನವೂ ಮಾತಾಡಿಸಬೇಕು. ಕಷ್ಟ ಇರುವುದು ಈ ಕೊನೆಯದರಲ್ಲೇ.

ಆದ್ದರಿಂದ ಸ್ನೇಹಕ್ಕೂ ಒಂದು ಶಿಸ್ತು ಬೇಕು. ಹಬ್ಬಕ್ಕೊಂದು ದಿನ ಬಂದು ಬಿಸ್ಕತ್ ಹಂಚಿ ಫೋಟೋ ಹೊಡೆಸಿಕೊಂಡು ಹೋಗುವವರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಬರ್ತೀನಿ ಅಂದವರು ಬರದೇ ಹೋಗುವುದನ್ನು ಆ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. ವಾರಕ್ಕೆ ಒಂದೇ ಗಂಟೆ ಆಗಲಿ, ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗಬೇಕು. ಕೈಗೆ ಕಾಸು ಕೊಡಬಾರದು. ಜೊತೆಗೆ ಕೂತು ಇಡ್ಲಿ ತಿಂದರೆ ಸಾಕು. ಏನೇ ಮಾಡಿದರೂ ನಾಲ್ಕು ಜನರ ಕಣ್ಣೆದುರಿಗೆ, ಮಗುವಿನ ತಾಯಿಗೆ ತಿಳಿಸಿ ಮಾಡಬೇಕು. ಮಗುವನ್ನು ಒಂಟಿಯಾಗಿ ಎಲ್ಲಿಗೂ ಕರೆದುಕೊಂಡು ಹೋಗಬಾರದು. ಈ ಕಟ್ಟುಪಾಡಿಗೆ ಒಪ್ಪದ ‘ಸ್ನೇಹಿತ’ರನ್ನು ಊರು ಅನುಮಾನದಿಂದಲೇ ನೋಡಬೇಕು.

ಅಂಗಡಿಯವರು ನೆನಪಿಡಬೇಕಾದ ಇನ್ನೊಂದು ವಿಷಯವಿದೆ. ಮಕ್ಕಳ ಕೈಗೆ ಬೀಡಿ, ಗುಟ್ಕಾ, ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ‘ಅಪ್ಪನಿಗೆ ಅಂತ ತಗೊಂಡ’ ಎಂಬ ಸಬೂಬನ್ನು ಕೋರ್ಟು ಒಪ್ಪುತ್ತದೆ ಎಂದು ಯಾರೂ ನಂಬಿಕೊಳ್ಳಬಾರದು.

ಕೈಮೀರಿದ ಸಂಗತಿ ಕಂಡರೆ, ಮೈಮೇಲೆ ಬರೆ, ಸುಟ್ಟ ಗಾಯ, ರಾತ್ರಿ ನಿಲ್ದಾಣದಲ್ಲೇ ಮಲಗಿರುವ ಮಗು, ಹೀಗೆ ಏನೇ ಇದ್ದರೂ 1098ಕ್ಕೆ ಫೋನು ಮಾಡಬಹುದು. ಹಗಲು ರಾತ್ರಿ ಎನ್ನದೆ ಉಚಿತವಾಗಿ ಸಿಗುವ ನಂಬರು ಅದು. ತಂದೆ ಇಲ್ಲದ, ಕಡುಬಡತನದ ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ಓದಿಸುವುದಕ್ಕೆ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವು ಉಂಟು. ನೂಲು ತೆಗೆಯುವ ತಾಯಿಗೆ ಅರ್ಜಿ ಎಲ್ಲಿ ಕೊಡಬೇಕೆಂದು ಹೇಗೆ ತಿಳಿಯಬೇಕು? ಅಕ್ಷರ ಬಲ್ಲ ಒಬ್ಬರು ಅರ್ಧ ದಿನ ಅಂಗಡಿ ಮುಚ್ಚಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೆಗೆ ಜೊತೆಗೆ ಹೋದರೆ, ಅದೇ ಸ್ನೇಹ.

ಇನ್ನು ನಗರಸಭೆಗಳ ಪಾಲು. ವರ್ತಕರು ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಲಿ, ಅದರಲ್ಲಿ ಗ್ರಂಥಾಲಯ ಕರವೂ ಸೇರಿದೆ. ಆ ಕಾಸಿನಲ್ಲಿ ನಾಲ್ಕೂ ಊರುಗಳ ಗ್ರಂಥಾಲಯಗಳಲ್ಲಿ ಒಂದೊಂದು ಕೋಣೆಯನ್ನು ಸಂಜೆ 5ರಿಂದ 8ರವರೆಗೆ ಇಂಥ ಮಕ್ಕಳಿಗೆ ತೆರೆದಿಡಲಿ. ದೀಪ, ಚಾಪೆ, ಕೇರಂ ಬೋರ್ಡು, ನಾಲ್ಕು ಚಿತ್ರದ ಪುಸ್ತಕ ಇದ್ದರೆ ಸಾಕು. ಕೂತು ಓದಿಸೋಕೆ ನಿವೃತ್ತ ಮೇಷ್ಟ್ರುಗಳಿಗೇನು ಈ ಜಿಲ್ಲೆಯಲ್ಲಿ ಕೊರತೆಯೇ?

ಅಧಿಕಾರಿಗಳು ಗಮನಿಸುವವರೆಗೂ ಕಾಯಬೇಕಾದ್ದಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ಎತ್ತುವಾಗ, ಬಸ್ಸಿಗೆ ಕಾಯುವಾಗ, ಆ ಹುಡುಗ ಅಲ್ಲೇ ಎಲ್ಲೋ ನಿಂತಿರುತ್ತಾನೆ. ‘ನಿನ್ನ ಹೆಸರೇನಪ್ಪಾ?’ ಎಂದು ಕೇಳೋಕೆ ಕಾಸು ಖರ್ಚಿಲ್ಲ. ಕೇಳಿದ ಮೇಲೆ ಆ ಹೆಸರನ್ನು ಮರೆಯಬಾರದು, ಅಷ್ಟೇ.